ತರಬೇತಿ ಪಡೆದ ಸ್ಥಳ

ಒಂಬತ್ತನೆಯ ಕಲಮಿಗೆ ಬಂದು ನನ್ನ ಪೆನ್ನು ನಿಂತಿತು.
ತರಬೇತಿ ಪಡೆದ ಸ್ಥಳ, ಅವಧಿ, ದಾಖಲೆ.
ಎದುರಿಗೆ ಬೋಳಾರದ ದೂಮಪ್ಪ ಸಾಲ್ಯಾನ್,
ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದ ಕಾಲುಗಳನ್ನು
ಬೆಂಚಿನ ಕೆಳಗೆ ಜೋಡಿಸಿಟ್ಟುಕೊಂಡು ಹೇಳಿದರು:
"ರಂಗೂನಿನಾಚೆ ಒಂದು ಶಾಲೆ ಮಾರಾಯ್ರೆ.
ಯುದ್ಧದ ಶಾಲೆ. ಈಗ ಇಲ್ಲ."

"ದಾಖಲೆ?"

"ಸುಟ್ಟರು. ಹಿಂದೆ ಸರಿಯುವ ರಾತ್ರಿ
ಹಾಜರಿ ಪುಸ್ತಕ ಸುಡಲಿಕ್ಕೆ ನನಗೇ ಕೊಟ್ಟರು,
ಆವಿಗೆಯ ಬೆಂಕಿ ಬಲ್ಲವ ಅಂತ.
ನನ್ನ ಹೆಸರು ಹದಿನೇಳನೆ ಪುಟದಲ್ಲಿತ್ತು.
ನಿಧಾನ ಉರಿಯಿತು. ಒಳ್ಳೆ ಕಾಗದ."

ಎಪ್ಪತ್ಮೂರನೆ ಇಸವಿ. ಪಿಂಚಣಿ ಅರ್ಜಿಗಳು
ನನ್ನ ಮೇಜಿನ ಮೇಲೆ ಮೊಣಕೈಯೆತ್ತರ.
ಸುಳ್ಳರೂ ಬರುತ್ತಿದ್ದರು, ಠಸ್ಸೆ ಹೊಡೆದ ಕಾಗದ ಹಿಡಿದು.
ಈ ಮನುಷ್ಯ ತಂದದ್ದು ಅರ್ಧ ಹಂಚು.
ಬೆನ್ನ ಮೇಲಿನ ಅಚ್ಚು ಮುರಿದು
"ಗಳೂರು" ಅಂತಷ್ಟೇ ಉಳಿದಿತ್ತು.

ಇಪ್ಪತ್ತರ ಪ್ರಾಯದಲ್ಲಿ ಹಂಚಿನ ಹಡಗು ಹತ್ತಿದವರು,
ಒಡೆದದ್ದೆಷ್ಟು, ಸರಿಯಿದ್ದದ್ದೆಷ್ಟು, ಲೆಕ್ಕ ಬರೆಯಲು.
ಆಮೇಲೆ ಬಾಂಬು. ಆಮೇಲೆ ಫೌಜು.
ಶಾಲೆಯ ಮಾಡಿಗೆ ಹೊದೆಸಿದ್ದು ನಮ್ಮೂರ ಹಂಚೇ.
ರಾತ್ರಿ ಮಲಗಿದಲ್ಲಿಂದ ಎಣಿಸುತ್ತಿದ್ದರಂತೆ,
ಇದು ಮಾವ ಒತ್ತಿದ್ದಿರಬಹುದು,
ಇದು, ಈ ಓರೆಯಾದದ್ದು, ಖಂಡಿತ ನಾನೇ.

ಏನು ಕಲಿಸಿದರು?
ನಡೆಯಲು. ಮರದ ಕೋವಿ ಹೊತ್ತು ನಡೆಯಲು.
ಆಜ್ಞೆ ಹಿಂದೂಸ್ತಾನಿಯಲ್ಲಿ, ಬೈಗುಳ ತಮಿಳಿನಲ್ಲಿ,
ಬಡವು ಮಾತ್ರ ತುಳುವಿನಲ್ಲಿ.
ಆರು ತಿಂಗಳ ಪಾಠ ಮೂರಕ್ಕಿಳಿಯಿತು,
ಮುಂದಿನ ತಂಡಕ್ಕೆ ಆರು ವಾರ,
ಕೊನೆಯ ತಂಡಕ್ಕೆ ಒಂದು ಭಾಷಣ.

ನಕ್ಷೆಯ ಮಾಸ್ತರು ಕುಂಟ ಚೊಕ್ಕಲಿಂಗಂ,
ರಬ್ಬರ್ ತೋಟದ ಹಳೆ ಗುಮಾಸ್ತ.
ಮಾಸ್ತರಿದ್ದರು, ನಕ್ಷೆ ಇರಲಿಲ್ಲ.
"ಮಣ್ಣಿನ ಕೆಲಸ ಬಲ್ಲವರು ಯಾರು?"
ದೂಮಪ್ಪ ಕೈ ಎತ್ತಿದರು.
ಆ ಕೈ ಎತ್ತಿದ್ದಕ್ಕೇ ಬದುಕಿದೆ ಅಂದರು, ಕೈ ನೋಡಿಕೊಳ್ಳುತ್ತ.
ತಂಡಗಳು ಗುಡ್ಡದ ಕಡೆ ಹೋದವು.
ಇವರನ್ನು ಗುಡ್ಡ ಮಾಡಲು ಇಟ್ಟುಕೊಂಡರು.

ಒಂದು ದಿನ ಮಾಸ್ತರು ಕೇಳಿದರು: ನದಿಯೊಂದು ಬೇಕು, ಯಾವುದಾದರೂ.
ಕೈ ತಾನಾಗಿ ಎರಡು ಮಾಡಿತು.
ತೆಂಕಣಿಂದ ನೇತ್ರಾವತಿ, ಬಡಗಣಿಂದ ಗುರುಪುರ ಹೊಳೆ,
ಜೊತೆಯಾಗಿ ಕಡಲಿಗೆ ಬೀಳುವ ಅಳಿವೆ ಬಾಗಿಲು,
ಬೆಂಗ್ರೆಯ ಮರಳ ನಾಲಗೆ, ಬಂದರು,
ಬಾವುಟಗುಡ್ಡೆಯ ತುದಿಗೊಂದು ಬೆಂಕಿಕಡ್ಡಿ.

ಮೂವತ್ತು ಹುಡುಗರು ಸುತ್ತ ನಿಂತು ಯುದ್ಧ ಹೂಡಿದರು.
ಮೊದಲ ಸಲ ಉಳ್ಳಾಲದಿಂದ ದೋಣಿಯಲ್ಲಿ:
ಉಬ್ಬರ ಲೆಕ್ಕ ಹಾಕಿರಲಿಲ್ಲ, ಎಲ್ಲರೂ ಮುಳುಗಿದಿರಿ ಅಂದರು ಮಾಸ್ತರು.
ಎರಡನೆ ಸಲ ಬಂದರಿಗೆ ಬೆಂಕಿ ಇಟ್ಟರು.
ದೂಮಪ್ಪನಿಗೆ ಸಿಟ್ಟು ಬಂತು, ಅಲ್ಲಿ ಅವರಮ್ಮ ಮೀನು ಮಾರುವುದು.
ಮೂರನೆಯದು ಇಳಿತದ ಹೊತ್ತು ನೋಡಿ, ಕತ್ತಲಲ್ಲಿ,
ಬೆಂಗ್ರೆಯಿಂದ, ಒಂದೂ ಗುಂಡು ಹಾರಿಸದೆ.
ಬೆಂಕಿಕಡ್ಡಿ ಕಿತ್ತು ಇನ್ನೊಂದು ನೆಟ್ಟರು.
"ಇದು ಯಾವ ಊರಯ್ಯಾ?" ಮಾಸ್ತರು ಕೇಳಿದರು.
"ಸುಳ್ಳು ಹೇಳಿದೆ ಸ್ವಾಮೀ. ಯಾವುದೂ ಅಲ್ಲ ಅಂದೆ."

ಆ ರಾತ್ರಿ ಮಳೆ. ಬಾಂಬು ಹಾರಿಸಿದ ಮಾಡಿನಿಂದ ನೀರಿಳಿದು
ಊರು ಕೆಸರಾಯಿತು.
"ಸುಡದ ಮಣ್ಣಲ್ಲವೋ," ಅಂದರು, ನಾನೇನೋ ಕೇಳಿದವನ ಹಾಗೆ.
ಮೂವತ್ತರಲ್ಲಿ ಎಷ್ಟು ಮಂದಿ ಮರಳಿದರೆಂದು ನಾನು ಕೇಳಲಿಲ್ಲ.
ಅರ್ಜಿಯಲ್ಲಿ ಅದಕ್ಕೆ ಕಲಂ ಇಲ್ಲ.

ಸ್ಥಳ ಪರಿಶೀಲನೆ ಅಂತ ಬರೆದು
ಭಾನುವಾರ ಬೋಳಾರಕ್ಕೆ ನಾನೇ ಹೋದೆ.
ಜಗಲಿಯಲ್ಲಿ ಒದ್ದೆ ಮಣ್ಣು ತಂದಿಟ್ಟಿದ್ದರು.
ಇದು ಬಿಗಿಲು ಊದುವ ಮರ. ಇದು ಕಕ್ಕಸು, ಗಾಳಿಗೆ ಇದಿರು, ತಪ್ಪು ಜಾಗ.
ಇದು ಮೈದಾನ, ಇಲ್ಲೊಂದು ಗುಂಡಿ,
ಪ್ರತಿ ಬೆಳಿಗ್ಗೆ ಯಾರಾದರೂ ಬೀಳಲೇಬೇಕು.
ಬಾವಿ. ಚೊಕ್ಕಲಿಂಗಂ ಕೋಣೆ. ಅಡುಗೆಮನೆ...

ಅಲ್ಲಿಗೆ ನಿಂತರು. ಕೈಯಲ್ಲಿ ಒಂದು ಮುಷ್ಟಿ ಮಣ್ಣು.
ಬಾವಿಯ ಈಚೆ ಇಟ್ಟರು, ತೆಗೆದರು.
ಮರದ ಹತ್ತಿರ ಇಟ್ಟರು, ತೆಗೆದರು.
ಹೊಗೆ ಯಾವ ಕಡೆಯಿಂದ ಬರುತ್ತಿತ್ತು
ಅಂತ ಮೂಗೆತ್ತಿ ನೋಡಿದರು.
"ಅಷ್ಟು ತಿಂಗಳು ಉಂಡಿದ್ದೇನಲ್ಲ," ಅಂದರು.
"ಅಷ್ಟು ತಿಂಗಳು."